ಪಿಕಪ್ ಹಿಂದೆ ನಿಂತ ಅಪ್ಪ

ಇದನ್ನು ಓದಿದ ಮೇಲೆ ನನ್ನ ಬಗ್ಗೆ ನಿಮಗೆ ಒಳ್ಳೆಯ ಅಭಿಪ್ರಾಯ ಉಳಿಯಲಿಕ್ಕಿಲ್ಲ... ಪರವಾಗಿಲ್ಲ, ಓದಿ.

ಗುಂಡ್ಲುಪೇಟೆ ರಸ್ತೆಯ ಏರಿನಲ್ಲಿ ಅಪ್ಪನದು ಸಣ್ಣ ಗ್ಯಾರೇಜ್. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅಲ್ಲಿ ಸಾಮಾನು ತೊಳೆದು, ಒರೆಸಿ ಅಪ್ಪನ ಕೈಗೆ ಕೊಡುತ್ತೇನೆ. ನನ್ನದು ಮಾತು ಕಡಿಮೆ.

ಅಪ್ಪನದೊಂದು ಪದ್ಧತಿ. ಹಿಂದಿನ ಚಕ್ರಗಳ ಬ್ರೇಕ್ ಲೈನರ್ ಬದಲಿಸಿದರೆ, ಲೋಡ್ ಸಮೇತ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿ ಬರೀ ಹ್ಯಾಂಡ್ ಬ್ರೇಕ್ ಎಳೆಸುತ್ತಾರೆ. ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ.

ಆಮೇಲೆ ತಾವೇ ಹೋಗಿ ಗಾಡಿಯ ಹಿಂದೆ ನಿಲ್ಲುತ್ತಾರೆ!

"ನಾನು ಹಾಕಿದ್ ಬ್ರೇಕ್‌ನ ನಾನೇ ನಂಬ್ದಿದ್ರೆ, ಗಿರಾಕಿ ಯಾಕೆ ನಂಬ್ಬೇಕು?" ಅನ್ನುತ್ತಾರೆ.

ಅವತ್ತು ಸಿದ್ದರಾಜಣ್ಣನ ಪಿಕಪ್ ಬಂದಿತ್ತು. ಅದರಲ್ಲಿ ಚೆಂಡು ಹೂವು ಕೀಳಲು ಹೊರಟಿದ್ದ ಹನ್ನೆರಡು ಹೆಂಗಸರು ನೆರಳಲ್ಲಿ ಕೂತು ಕಾಯುತ್ತಿದ್ದರು.

"ಏನವ್ವ, ಒಂದ್ ಮಾತೂ ಆಡಲ್ವಲ್ಲ... ನಿನ್ ಬಾಯಿಗೂ ಬ್ರೇಕ್ ಹಾಕವ್ರಾ ನಿಮ್ಮಪ್ಪ?" ಅವರಲ್ಲಿ ಹಿರಿಯರಾದ ದೊಡ್ಡತಾಯಜ್ಜಿ ಕೆಣಕಿದರು. ಎಲ್ಲರೂ ನಕ್ಕರು.

ನಾಚಿಕೆಯಾಗಿ ತಲೆ ತಗ್ಗಿಸಿದೆ. ಬೇರಿಂಗಿಗೆ ಗ್ರೀಸ್ ತುಂಬಿದ ಕೈ ಒರೆಸಿಕೊಳ್ಳದೆಯೇ ಹೊಸ ಲೈನರ್ ಎತ್ತಿ ಅಪ್ಪನಿಗೆ ಕೊಟ್ಟೆ.

ಕೊಟ್ಟ ಮೇಲೆ ನೋಡಿದೆ... ಲೈನರ್ ಮೇಲೆಲ್ಲ ನನ್ನ ಬೆರಳಿನ ಗ್ರೀಸ್.

ಜಿಡ್ಡು ಹೀರಿದ ಲೈನರ್ ಚಕ್ರವನ್ನು ಹಿಡಿಯುವುದಿಲ್ಲ, ಜಾರುತ್ತದೆ. ಅದು ನನಗೆ ಗೊತ್ತು. ಅಪ್ಪನ ಕಣ್ಣು ಈಗ ಮೊದಲಿನಂತಿಲ್ಲ... ಮಾತಾಡುತ್ತಲೇ ಜೋಡಿಸಿಬಿಟ್ಟರು.

ಹೇಳಬಹುದಿತ್ತು. ಆದರೆ ಅಷ್ಟು ಜನರ ಮುಂದೆ... "ಓದೂ ಹತ್ತಲಿಲ್ಲ, ಇದೂ ಬರಲ್ಲ" ಅಂತ ಯಾರಾದರೂ ಅಂದುಬಿಟ್ಟರೆ?

ಪರೀಕ್ಷೆಗೆ ಲೋಡ್ ಬೇಕಲ್ಲ, ಹೆಂಗಸರು ಒಬ್ಬೊಬ್ಬರಾಗಿ ಗಾಡಿ ಹತ್ತಿದರು. ಸುಮ್ಮನಿದ್ದೆ.

ದೊಡ್ಡತಾಯಜ್ಜಿ ಹತ್ತಲಾಗದೆ ಕೈ ಚಾಚಿದರು. ಹಿಡಿದು ಹತ್ತಿಸಿದೆ... ಆಗಲೂ ಸುಮ್ಮನಿದ್ದೆ.

ಗಾಡಿ ಏರಿನಲ್ಲಿ ನಿಂತಿತು. ಅಪ್ಪ ಹೋಗಿ ಹಿಂದೆ ನಿಂತರು.

"ಸಿದ್ದರಾಜೂ, ಹ್ಯಾಂಡ್ ಬ್ರೇಕ್ ಎಳ್ದು ಕಾಲ್ ತೆಗಿ!"

"ಅಪ್ಪಾ ಬ್ಯಾಡಾ! ಪಕ್ಕಕ್ಕೆ ಬನ್ನಿ!"

ಅಷ್ಟು ಜೋರಾಗಿ ನಾನು ಯಾವತ್ತೂ ಕೂಗಿರಲಿಲ್ಲ.

ಅಪ್ಪ ಪಕ್ಕಕ್ಕೆ ಹಾರಿದರು. ಗಾಡಿ ಎರಡು ಮಾರು ಹಿಂದಕ್ಕೆ ಜಾರಿತು... ಸಿದ್ದರಾಜಣ್ಣ ಮುಂದಿನ ಚಕ್ರಗಳನ್ನೂ ಹಿಡಿಯುವ ಕಾಲಿನ ಬ್ರೇಕ್ ಒತ್ತಿ ನಿಲ್ಲಿಸಿದರು.

ಅಪ್ಪನನ್ನು ಗ್ಯಾರೇಜಿನೊಳಗೆ ಕರೆದು ಅಳುತ್ತಾ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಮೆಲ್ಲಗೆ ಕೇಳಿದರು...

"ಕೈ ಜಿಡ್ಡಾಗದು ತಪ್ಪಲ್ಲ ಮಗಾ... ನಾನ್ ನಿಂತಾಗ ಕೂಗ್ದಲ್ಲ, ಅವ್ರು ಹತ್ತುವಾಗ ಯಾಕ್ ಕೂಗ್ಲಿಲ್ಲ?"

 

ಕೈ ತೊಳೆದು ಬಂದೆ. ಅಪ್ಪ ಲೈನರ್ ಒತ್ತಿ ಹಿಡಿಯುವ ಡ್ರಮ್ ಒರೆಸಿ, ಬೇರೆ ಲೈನರನ್ನು ನನ್ನ ಕೈಯಲ್ಲೇ ಹಾಕಿಸಿದರು. ಈ ಸಲ ಗಾಡಿಯ ಹಿಂದೆ ಅಪ್ಪನ ಪಕ್ಕ ನಾನೂ ನಿಂತೆ. ಗಾಡಿ ಅಲುಗಲಿಲ್ಲ.

ಹೊರಡುವಾಗ ದೊಡ್ಡತಾಯಜ್ಜಿ ಮಡಿಲಿನಿಂದ ಒಂದು ಸೀಬೆಹಣ್ಣು ತೆಗೆದು ನನ್ನ ಕೈಗಿಟ್ಟರು.

"ಮೂಗಿ ಅನ್ಕಂಡಿದ್ದೆ... ಕೂಗಿ ನಮ್ಮನ್ನೆಲ್ಲ ಉಳಿಸ್ಬುಟ್ಟೆ ಕಣವ್ವ!"

ಅಪ್ಪ ನನ್ನತ್ತ ನೋಡಲಿಲ್ಲ.

"ಇಲ್ಲ ಅಜ್ಜಿ, ನಾನು ನಿಮಗಾಗಿ ಕೂಗಲಿಲ್ಲ..." ಅನ್ನಬೇಕಿತ್ತು; ಹಣ್ಣು ಹಿಡಿದು ನಿಂತೆ. ಪಿಕಪ್ ಹೋಯಿತು. ಹಣ್ಣು ತಿನ್ನಲಾಗಲಿಲ್ಲ.

ಅಜ್ಜಿಗೆ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ.

*ನಮ್ಮವರ ಪ್ರಾಣಕ್ಕೆ ಮಾತ್ರ ಏಳುವ ದನಿ, ಇನ್ನೂ ಅರ್ಧ ಮೂಕವೇ.*

ನೀವು ನೋಡಿಯೂ ಸುಮ್ಮನಿದ್ದ ಗಾಡಿಯಲ್ಲಿ... ಯಾರು ಕೂತಿದ್ದರು?