ಡಬ್ಬಿ ಗಾಡಿ

ಈ ಸಂಗತಿ ಹೇಳಲು ನಾನು ತಕ್ಕವನಲ್ಲ, ಕ್ಷಮಿಸಬೇಕು. ಕಂಪ್ಯೂಟರಿನ ಆಟ ನನಗೆ ಬಾರದು. ಸಂಜೆಯ ಬ್ಯಾಚಿನಲ್ಲಿ ಟೈಪಿಂಗ್ ಕಲಿಯುತ್ತಿದ್ದವನು, ಅಂದು ಬಾಗಿಲ ಬಳಿ ನಿಂತು ಕಂಡದ್ದನ್ನಷ್ಟೇ ಬರೆಯುತ್ತೇನೆ. ತಪ್ಪಿದ್ದರೆ ಅಲ್ಲಿದ್ದವರು ತಿದ್ದಲಿ.

"ನೋಡವಾ, ಈ ಡಬ್ಬಿ ಗಾಡಿ ತಗೊಂಡು ನೀ ಗೆದ್ದಿ ಅಂದ್ರ, ನಿನ್ನ ಮಷೀನಿಗೆ ಯಾರೂ ಕೈ ಹಚ್ಚಂಗಿಲ್ಲ. ಎಲ್ಲಾರ ಮುಂದ ಹೇಳಾಕತ್ತೇನಿ!" ಎಂದು ಅರ್ಜುನಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೇಶ್ವಾಪುರದ ಆ ಮಹಡಿಯ ಎರಡೂ ಕೋಣೆಗಳು ಅವರವೇ. ಮುಂದಿನದು ಸೈಬರ್ ಕೆಫೆ. ಹಿಂದಿನದರಲ್ಲಿ ದ್ರಾಕ್ಷಾಯಿಣಿ ಅಕ್ಕೋರು ನಮಗೆ ಟೈಪಿಂಗ್ ಕಲಿಸುತ್ತಿದ್ದರು. ಕಲಿಯುವವರು ಕಡಿಮೆಯಾಗಿದ್ದರು. ಸೋಮವಾರ ಗುಜರಿಯವನು ಬಂದು ಟೈಪ್‌ರೈಟರುಗಳನ್ನು ಒಯ್ಯುವವನಿದ್ದ, ಅಲ್ಲಿಗೆ ಅಕ್ಕೋರ ಕೆಲಸವೂ ಮುಗಿಯುತ್ತಿತ್ತು. ಭಾನುವಾರ ಮಧ್ಯಾಹ್ನ ಕೆಫೆಯಲ್ಲಿ ಕಾರ್ ರೇಸಿನ ಚಾಂಪಿಯನ್‌ಶಿಪ್. ಫೈನಲ್ಲಿಗೆ ನಾಲ್ವರು ಬೇಕು, ಒಬ್ಬ ಬಂದಿರಲಿಲ್ಲ. "ನಾ ಕೂಡ್ಲೇನ್ರಿ ಕಾಕಾರ?" ಎಂದು ಅಕ್ಕೋರು ಕೇಳಿದ್ದಕ್ಕೇ ಆ ನಗು.

ಆಟದಲ್ಲಿ ಗಾಡಿಗಳಿಗೆ ಬೇರೆ ಬೇರೆ ಕ್ಲಾಸು. ಎಲ್ಲಕ್ಕೂ ಕೆಳಗಿನ ಕ್ಲಾಸಿನದು ಒಂದು ಚೌಕಾಕಾರದ ಪುಟ್ಟ ಗಾಡಿ, ಹುಡುಗರು ಅದಕ್ಕೆ ಡಬ್ಬಿ ಅನ್ನುತ್ತಿದ್ದರು. ವೇಗವಿಲ್ಲ, ಆದರೆ ತಿರುವಿನಲ್ಲಿ ಬ್ರೇಕ್ ಹಾಕುವ ಕೆಲಸವೂ ಇಲ್ಲ. ವಿದ್ಯಾರ್ಥಿಗಳು ಬಾರದ ಮಧ್ಯಾಹ್ನಗಳಲ್ಲಿ ಅಕ್ಕೋರು ಆಡುತ್ತಿದ್ದದ್ದು ಅದೊಂದನ್ನೇ, ಅದೊಂದೇ ರಸ್ತೆಯಲ್ಲಿ. ಫೈನಲ್ಲಿಗೂ ಅದೇ ರಸ್ತೆ ಇಟ್ಟಿದ್ದರು.

"ಡಬ್ಬ್ಯಾಗ ಊಟ ತಂದೀರೇನ್ರಿ ಅಕ್ಕೋರ?" ಎಂದ ಆಫ್ತಾಬ. ಅವನು ಗಡಿಯಾರದ ಅಂಗಡಿಯವರ ಮಗ, ಹಿಂದಿನ ವರ್ಷ ಗೆದ್ದವನು. ಬೆಂಕಿಯ ಚಿತ್ರವಿದ್ದ ದೊಡ್ಡ ಕ್ಲಾಸಿನ ಕೆಂಪು ಗಾಡಿ ಅವನದು.

"ತಂದೇನಿ. ನೀ ಸೋತ ಮ್ಯಾಲ ಕೊಡ್ತೇನಿ, ಹಸಿವಾಗಿರ್ತದ."

ಆಟ ಶುರುವಾಯಿತು. ಅಕ್ಕೋರ ಬಲಗೈ ಬಾಣದ ಕೀಲಿಗಳ ಮೇಲೆ. ಎಡಗೈಗೆ ಕೆಲಸವೇ ಇಲ್ಲ. ಆದರೂ ಒಂದು ಸುತ್ತು ಮುಗಿಯುತ್ತಲೇ ಅದು ತಾನಾಗಿ ಎದ್ದು, ಮಾನಿಟರಿನ ಪಕ್ಕದ ಬರೀ ಗಾಳಿಯನ್ನು ಬಲಕ್ಕೆ ತಳ್ಳಿ ಕೆಳಗಿಳಿಯಿತು. ಟೈಪ್‌ರೈಟರಿನಲ್ಲಿ ಸಾಲು ಮುಗಿದು ಗಂಟೆ ಟಿಂಗ್ ಎಂದಾಗ ಹಿಡಿ ತಳ್ಳುತ್ತೇವಲ್ಲ, ಥೇಟ್ ಹಾಗೆಯೇ. ಎರಡನೆಯ ಸುತ್ತಿಗೂ ಅದೇ. ಹುಡುಗರು "ಟಿಂಗ್!" ಎಂದು ಕೂಗಿ ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಉಳಿದಿಬ್ಬರ ದೊಡ್ಡ ಗಾಡಿಗಳು ಒಂದಕ್ಕೊಂದು ಗುದ್ದಿ ಹಿಂದುಳಿದವು. ಡಬ್ಬಿ ಎರಡನೆಯದಾಯಿತು. ಆದರೆ ಆಫ್ತಾಬ ಬಹಳ ಮುಂದಿದ್ದ, ಉಳಿದದ್ದು ಕೊನೆಯ ಸುತ್ತು.

ಕರೆಂಟ್ ಹೋಯಿತು.

ಕಿಟಕಿಗಳಿಗೆ ಕರಿ ಕಾಗದ ಅಂಟಿಸಿದ್ದರಿಂದ ಒಳಗೆ ಕಗ್ಗತ್ತಲೆ. ಯುಪಿಎಸ್ ಸಣ್ಣದು, ಅದಕ್ಕೆ ಮಾನಿಟರುಗಳನ್ನು ಜೋಡಿಸಿರಲಿಲ್ಲ. ಪರದೆ ಆರಿದರೂ ಮೇಜಿನ ಕೆಳಗಿನ ಕಂಪ್ಯೂಟರ್ ಪೆಟ್ಟಿಗೆಗಳು ಗುಂಯ್ ಎನ್ನುತ್ತಲೇ ಇದ್ದವು. ಒಳಗೆ ಆಟ ನಡೆದೇ ಇತ್ತು, ಯಾರಿಗೂ ಕಾಣುತ್ತಿರಲಿಲ್ಲ ಅಷ್ಟೇ. "ಹೋತಲೇ!" ಎಂದು ಹುಡುಗರು ಕುರ್ಚಿ ಹಿಂದೆ ತಳ್ಳಿದರು. ಅರ್ಜುನಪ್ಪನವರು ಜನರೇಟರ್ ಚಾಲೂ ಮಾಡಲು ಮೆಟ್ಟಿಲು ತಡವುತ್ತ ಇಳಿದರು. ಆಗ ಕೇಳಿಸಿತು. ಟಕ್. ಟಕ್ ಟಕ್. ಟಕ್.

"ಅಕ್ಕೋರ, ಕರೆಂಟ್ ಹೋಗೇತ್ರಿ. ಕೈ ತಗೀರಿ," ಎಂದ ಆಫ್ತಾಬ.

ಟಕ್ ಟಕ್. ನಮ್ಮ ತರಗತಿಯಲ್ಲಿ ಅವರು ದಿನಾ ಹೇಳುತ್ತಿದ್ದ ಮಾತು ನನಗೆ ನೆನಪಾಯಿತು: "ಪರೀಕ್ಷಾದಾಗ ತಪ್ಪು ಬಿದ್ರ ಬೀಳ್ಲಿ, ಗಂಟಿ ಬಾರಿಸೂತನಕ ಕೈ ಎತ್ತಬ್ಯಾಡ್ರಿ."

ಕೆಳಗೆ ಜನರೇಟರ್ ಗುಡುಗಿತು. ಮಾನಿಟರುಗಳು ಒಂದೊಂದಾಗಿ ಹೊತ್ತಿಕೊಂಡವು. ಆಫ್ತಾಬನ ಕೆಂಪು ಗಾಡಿ ಗೆಲುವಿನ ಗೆರೆಯ ಈಚೆಗೆ, ಗೋಡೆಗೆ ಮೂತಿ ಹಚ್ಚಿ ನಿಂತಿತ್ತು. ಗೆರೆಯ ಆಚೆಗೆ ಡಬ್ಬಿ ಗಾಡಿ. ಅದರ ಮೇಲೆ ಒಂದನೆಯ ಸ್ಥಾನ, ಕೆಳಗೆ ದ್ರಾಕ್ಷಾಯಿಣಿ ಎಂಬ ಹೆಸರು. ಅವರ ಎಡಗೈ ಇನ್ನೂ ಗಾಳಿಯಲ್ಲಿತ್ತು, ಆಗಷ್ಟೇ ಹಿಡಿ ತಳ್ಳಿದ ಹಾಗೆ.

ಈ ಸಲ ಯಾರೂ ಟಿಂಗ್ ಅನ್ನಲಿಲ್ಲ. ಮೇಲೆ ಬಂದ ಅರ್ಜುನಪ್ಪನವರು ಪರದೆ ನೋಡಿ, ಅಕ್ಕೋರನ್ನು ನೋಡಿ, ಮತ್ತೆ ಪರದೆ ನೋಡಿದರು. "ನಾನಾ?" ಎಂದು ಅಕ್ಕೋರೇ ಕೇಳಿದರು.

"ಏ, ಇದು ನಡಿಯಂಗಿಲ್ಲ. ಮತ್ತೊಮ್ಮಿ ಆಡ್ರಿ!" ಅರ್ಜುನಪ್ಪನವರ ದನಿ ಏರಿತು.

ಆಫ್ತಾಬ ತನ್ನ ಎರಡೂ ಕೈಗಳನ್ನು ನೋಡಿಕೊಂಡ. "ಬ್ಯಾಡ ಕಾಕಾ. ನಾ ಕೈ ತಗದೆ, ಅಕ್ಕೋರು ತಗೀಲಿಲ್ಲ. ನೀವು ಮಾತು ಕೊಟ್ಟೀರಿ."

ಸೋಮವಾರ ಗುಜರಿಯವನು ಬಂದ, ಚಹಾ ಕುಡಿದ, ಖಾಲಿ ಗಾಡಿ ತಳ್ಳಿಕೊಂಡು ಹೋದ. ಅದೇ ಸಂಜೆ ಆಫ್ತಾಬ ನಮ್ಮ ಕೋಣೆಯಿಂದ ಟೈಪ್‌ರೈಟರಿನ ರೆಕ್ಸಿನ್ ಹೊದಿಕೆಯೊಂದನ್ನು ಕೇಳಿ ಒಯ್ದು, ಮಾನಿಟರಿಗೆ ಹೊದಿಸಿ, ಡಬ್ಬಿ ಗಾಡಿ ಓಡಿಸಲು ಕುಳಿತ. ಹೊದಿಕೆ ಎತ್ತಿ ನೋಡಿದಾಗಲೆಲ್ಲ ಗಾಡಿ ಮೊದಲ ತಿರುವಿನ ಗೋಡೆಗೇ ಅಂಟಿಕೊಂಡಿರುತ್ತಿತ್ತು.

ಅಕ್ಕೋರು ಮತ್ತೆ ಆಡಲಿಲ್ಲ. ಧೈರ್ಯ ಮಾಡಿ ಒಮ್ಮೆ ಕೇಳಿದೆ: "ಕತ್ತಲ್ಯಾಗ ಗಾಡಿ ಎಲ್ಲೈತಿ ಅಂತ ನಿಮಗ ಗೊತ್ತಿತ್ತೇನ್ರಿ?"

ಅವರು ತಮ್ಮ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದಕ್ಕ ಗೊತ್ತಿತ್ತೋ ಏನೋಪಾ," ಎಂದರು.

ಗಾಡಿ ಗೆರೆ ದಾಟಿದ್ದಕ್ಕೆ ಆ ಕೈ ಎದ್ದಿತೋ, ಅಭ್ಯಾಸಕ್ಕೆ ಸುಮ್ಮನೆ ಎದ್ದಿತೋ, ನನಗೆ ಇಂದಿಗೂ ತಿಳಿಯದು.