ಮುಂದಿನ ಗಾಡಿ

ಹಿಮದಲ್ಲಿ ಮಂಡಿಯೂರಿ ಬಿರೆತ್ ಅತ್ತೆಯ ಸ್ನೋಮೊಬೈಲ್ ಗಾಡಿಯ ಸೀಟಿನಡಿಯ ಸ್ಪ್ರಿಂಗಿಗೆ ಸ್ಪ್ಯಾನರ್ ಹಾಕಿದಳು. ಓಡಿಸುವವರ ತೂಕಕ್ಕೆ ತಕ್ಕಂತೆ ಬಿಗಿ ಮಾಡಬೇಕಾದ ಸ್ಪ್ರಿಂಗ್ ಸಡಿಲವಾಗಿತ್ತು. ಅತ್ತೆ ರಾವ್ನಾ ಎರಡಾಳು ತೂಕದ ಹೆಂಗಸು. ಇಷ್ಟು ಸಡಿಲದಲ್ಲಿ ಅವರು ಕೂತರೆ ದಾರಿಯ ಒಂದೊಂದು ಉಬ್ಬೂ ನೇರ ಬೆನ್ನುಮೂಳೆಗೇ ಬಡಿಯುತ್ತದೆ. ನಿನ್ನೆ ಗಾಡಿ ಒಯ್ದವಳು ತಾನೇ. ತನ್ನ ತೂಕಕ್ಕೆಂದು ಸಡಿಲಿಸಿದ್ದನ್ನು ಸಂಜೆ ಮತ್ತೆ ಬಿಗಿ ಮಾಡಿದ್ದು ಚೆನ್ನಾಗಿ ನೆನಪಿತ್ತು.

ಬೇಲಿಯೊಳಗೆ ಹಿಮಸಾರಂಗಗಳು ಆಗಲೇ ಕಡಲಿನ ದಿಕ್ಕಿಗೆ ಮೂತಿ ಮಾಡಿ ನಿಂತಿದ್ದವು. ಕಡಲತೀರದ ಮೇವಿಗೆ ಹೋಗುವ ವಸಂತದ ಈ ಪಯಣದಲ್ಲಿ ಹಿಂಡಿನ ಮುಂದೆ ಹೋಗುವುದು ಅತ್ತೆಯ ಗಾಡಿ. ಮದುವೆಯಾಗಿ ಬಂದಾಗಿನಿಂದ ಬಿರೆತ್ ಕೂರುತ್ತಿದ್ದುದು ಅದರ ಹಿಂದೆ ಕಟ್ಟಿ ಎಳೆಯುವ ಜಾರುಬಂಡಿಯಲ್ಲಿ, ಪಾತ್ರೆಪಗಡೆಗಳ ನಡುವೆ. ಅವಳು ಅವಸರವಸರವಾಗಿ ಸ್ಪ್ರಿಂಗ್ ಬಿಗಿ ಮಾಡತೊಡಗಿದಳು.

"ಏನೇ ಮಾಡ್ತಿದ್ದೀಯ?" ಬೆನ್ನ ಹಿಂದೆ ಅತ್ತೆ ನಿಂತಿದ್ದರು.

"ಸಡ್ಲ ಆಗಿತ್ತು ಅತ್ತೆ. ನಾನು ನಿನ್ನೆ ಬಿಗಿ ಮಾಡೇ ಇಟ್ಟಿದ್ದೆ, ನಿಮ್ಮಾಣೆಗೂ."

"ನೀನು ಬಿಗಿ ಮಾಡಿದ್ದೆ ಕಣೆ. ಆಮೇಲೆ ನಾನೇ ಸಡ್ಲ ಮಾಡ್ದೆ. ಬಗ್ಗಿ ಬಗ್ಗಿ ಸೊಂಟ ಬಿದ್ದೋಯ್ತು. ನಿನ್ನ ಗುಬ್ಬಚ್ಚಿ ತೂಕಕ್ಕೆ ಎಷ್ಟು ಅಂತ ತಿರುಗಿಸೋದು? ಇನ್ಮೇಲಾದ್ರೂ ಹೊಟ್ಟೆ ತುಂಬ ಉಣ್ಣು."

ರಾವ್ನಾ ಜಾರುಬಂಡಿಯಲ್ಲಿ ಸಾರಂಗದ ಚರ್ಮ ಹಾಸಿ, ಕಾಫಿಯ ಕೆಟಲನ್ನು ತೊಡೆಯ ಮೇಲಿಟ್ಟುಕೊಂಡು, ಪಾತ್ರೆಪಗಡೆಗಳ ನಡುವೆ ಆರಾಮವಾಗಿ ಕೂತರು. "ಹಳ್ಳದಿಣ್ಣೇಲಿ ನನ್ನ ಎತ್ತಿ ಹಾಕಿದ್ರೆ ಮಾತ್ರ ನೋಡ್ಕೋ."

ಬಿರೆತ್ ಬಿಗಿ ಮಾಡಿದಷ್ಟನ್ನೂ ಸ್ಪ್ಯಾನರಿನಿಂದ ಮೆಲ್ಲಗೆ ಹಿಂದಕ್ಕೆ ತಿರುಗಿಸಿದಳು.