ಇರುವೆ ರೈಲಿನ ಗೋಡೆ

ಗೋಡೆ ಕೂರಲೇ ಇಲ್ಲ. ಮೂರು ಸಲ ಎತ್ತಿ ಒತ್ತಿದ್ದಾಯಿತು, ಮರಗೆಲಸದ ಮೇಸ್ತ್ರಿ ನಾಗಯ್ಯ ಹೆಗಲು ಕೊಟ್ಟು ದಬ್ಬಿದ್ದೂ ಆಯಿತು. ಎಂಟಡಿಯ ಹಲಗೆ ಬೋಗಿಯ ಚೌಕಟ್ಟಿನಿಂದಾಚೆ ಒಂದಿಂಚು ಮೂತಿ ಚಾಚಿಕೊಂಡೇ ನಿಂತಿತ್ತು. ಭದ್ರಾವತಿಯ ಆ ಶೆಡ್ಡಿನ ಗಡಿಯಾರದಲ್ಲಿ ಆಗಲೇ ಹನ್ನೊಂದು. ನಾಲ್ಕಕ್ಕೆ ಯಜಮಾನರಾದ ಗಂಗಾಧರಪ್ಪನವರು ಶಿವಮೊಗ್ಗದಿಂದ ಬರುವವರಿದ್ದರು.

ಹೊಳಲೂರಿನ ಹತ್ತಿರ ಅವರದೊಂದು ಥೀಮ್ ಪಾರ್ಕು. ಅದರ ಹೊಳೆದಂಡೆಯ ರೆಸಾರ್ಟಿಗೂ ಗುಡ್ಡದ ರೆಸಾರ್ಟಿಗೂ ನಡುವೆ ಮೂರು ಕಿಲೋಮೀಟರ್ ಹಳಿ. ಅದರ ಮೇಲೆ ಓಡುವ ರೈಲಿಗೆ ನವುಲೆಯ ಹುಡುಗಿ ಇಂಪನಾ ಹಾಕಿದ ಡಿಸೈನ್ ಇಷ್ಟೇ: ಹತ್ತಿದವರೆಲ್ಲ ಇರುವೆಯಾಗಬೇಕು. ಬೋಗಿಯೊಳಗೆ ಇರುವೆ ಗೂಡು, ಕೂರಲು ಭತ್ತದ ಕಾಳಿನ ಆಕಾರದ ಸೀಟು, ತಲೆಯ ಮೇಲೆ ತೋಳುದಪ್ಪದ ಹುಲ್ಲಿನ ಬೇರು. ಇಳಿಯುವವರೆಗೂ ರೈಲಿನಲ್ಲಿದ್ದೇವೆ ಅನ್ನುವುದೇ ಮರೆತುಹೋಗಬೇಕು. ಗಂಗಾಧರಪ್ಪನವರಿಗೆ ಅಷ್ಟೇನೂ ನಂಬಿಕೆ ಇರಲಿಲ್ಲ. "ಮೊದಲ್ನೇ ಬೋಗಿ ನೋಡ್ತೀನಿ. ಹಿಡಿಸಿದ್ರೆ ಉಳಿದ ಆರೂ ನಿಮಗೇ. ಇಲ್ದಿದ್ರೆ ಹೊರಗಿಂದ ರೆಡಿಮೇಡ್ ರೈಲು ತರಿಸ್ತೀನಿ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಇಂಪನಾ ಲ್ಯಾಪ್‌ಟಾಪಿನೊಳಗೆ ಮುಖ ತೂರಿಸಿ ಲೆಕ್ಕ ಹಾಕಿದಳು, ಮತ್ತೆ ಹಾಕಿದಳು. ಕಣ್ಣು ತುಂಬಿಬಂತು. "ನಂದೇ ತಪ್ಪು ಮೇಸ್ತ್ರಿ. ಡ್ರಾಯಿಂಗ್‌ನಲ್ಲೇ ಎಲ್ಲೋ ಎಡವಟ್ಟು ಮಾಡ್ಕೊಂಡಿದೀನಿ. ಸಾರ್‌ಗೆ ಫೋನ್ ಮಾಡಿ ಹೇಳ್ಬಿಡ್ತೀನಿ."

ನಾಗಯ್ಯನ ಕಣ್ಣು ತನ್ನ ಕೈಯಲ್ಲಿದ್ದ ಹಿತ್ತಾಳೆಯ ಅಳತೆಪಟ್ಟಿಯ ಮೇಲೆ ಬಿತ್ತು. ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಅವನು ಮಾಡಿದ್ದು ಎರಕಕ್ಕೆ ಬೇಕಾದ ಮರದ ಮಾದರಿಗಳನ್ನು. ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಅದಕ್ಕೇ ಆ ಕೆಲಸದ ಪಟ್ಟಿಯ ಒಂದೊಂದು ಅಡಿಯೂ ಮಾಮೂಲಿ ಅಡಿಗಿಂತ ಇಂಚಿನ ಎಂಟನೇ ಒಂದು ಪಾಲು ಉದ್ದ. ಎಂಟಡಿಗೆ ಸರಿಯಾಗಿ ಒಂದಿಂಚು! ಇಲ್ಲಿ ಕಬ್ಬಿಣವೂ ಇಲ್ಲ, ಎರಕವೂ ಇಲ್ಲ, ಇರುವುದು ಬರೀ ಮರದ ಗೋಡೆ. ಆದರೂ ಹಾಳು ಕೈ ಅಭ್ಯಾಸಬಲದಿಂದ ಅದೇ ಪಟ್ಟಿಯನ್ನು ಎತ್ತಿಕೊಂಡಿತ್ತು. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ ಎಂದುಕೊಂಡ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ರಿಟೈರಾದ ಏಳು ವರ್ಷಕ್ಕೆ ಅವನನ್ನು ಹುಡುಕಿಕೊಂಡು ಬಂದ ಮೊದಲ ಕೆಲಸ ಇದು. ನಾಗಯ್ಯನ ಕೈ ಕೆಟ್ಟಿತು ಅಂತ ಒಬ್ಬರು ಅಂದರೆ ಸಾಕು, ಇನ್ನೊಬ್ಬರು ಕರೆಯುವುದಿಲ್ಲ. ಆದರೆ ಈ ಹುಡುಗಿ ತಾನು ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು ಫೋನ್ ಎತ್ತುತ್ತಿದ್ದಾಳಲ್ಲ!

"ಫೋನ್ ಕೆಳಗಿಡಮ್ಮ. ನಿನ್ ಡ್ರಾಯಿಂಗ್ ಸರಿಯಾಗೇ ಇದೆ, ಅಳತೆ ತಪ್ಪಿದ್ದು ನಾನು." ಹಿತ್ತಾಳೆ ಪಟ್ಟಿಯ ಪಕ್ಕಕ್ಕೆ ಅವಳ ಟೇಪನ್ನಿಟ್ಟು ತೋರಿಸಿದ. ಅವಳು ಬಾಯಿ ತೆರೆಯುವ ಮೊದಲೇ ಗರಗಸ ಎತ್ತಿಕೊಂಡ. "ಒಂದಿಂಚು ಕೊಯ್ದು ಬಿಸಾಕ್ತೀನಿ."

"ಅಯ್ಯೋ ಬೇಡ ಮೇಸ್ತ್ರಿ! ತುದೀಲೆಲ್ಲ ಬೇರಿನ ಕೆತ್ತನೆ ಇದೆ. ಕೊಯ್ದ್ರೆ ಪಕ್ಕದ ಹಲಗೆ ಬೇರಿಗೆ ಕೂಡಲ್ಲ." ಇಂಪನಾ ಕಣ್ಣೊರೆಸಿಕೊಂಡು ಬೋಗಿಯೊಳಗೆ ಹೊಕ್ಕು ಒಂದು ಸುತ್ತು ಬಂದಳು. "ಕೊಯ್ಯೋದ್ರ ಬದಲು ಒಳಗಡೆಗೆ ಬಾಗ್ಸೋಕೆ ಆಗಲ್ವಾ?"

"ಆಗ್ದೆ ಏನು? ಮಾಡೋರು ಮಾಡ್ಬೇಕು ಅಷ್ಟೆ."

ಮಾಡಿಯೇ ತೀರುವುದೆಂದು ಇಬ್ಬರೂ ಕಚ್ಚೆ ಕಟ್ಟಿ ನಿಂತರು. ನಾಗಯ್ಯ ಹಲಗೆಯ ಬೆನ್ನಿಗೆ ಬಾಗಲು ಸುಲಭವಾಗಲೆಂದು ಬೆರಳಗಲಕ್ಕೊಂದರಂತೆ ಗರಗಸದ ಗೀರು ಹಾಕಿದ. ಇಂಪನಾ ಕುದಿನೀರಲ್ಲಿ ಅದ್ದಿದ ಗೋಣಿಚೀಲ ಹೊದಿಸುತ್ತ ಅಂಗೈ ಸುಟ್ಟುಕೊಂಡಳು. ಊಟದ ಹೊತ್ತು ಮೀರಿಹೋಯಿತು, ಇಬ್ಬರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಮೂರೂವರೆಗೆ ಹಲಗೆ ಮಣಿದು ಚೌಕಟ್ಟಿನೊಳಗೆ ಕೂತಿತು. ಒಂದಿಂಚು ಹೆಚ್ಚಾಗಿದ್ದದ್ದು ನಡುವೆ ಒಳಮುಖವಾಗಿ ಅರ್ಧ ಅಡಿ ಉಬ್ಬಿಕೊಂಡಿತ್ತು.

ನಾಲ್ಕಕ್ಕೆ ಗಂಗಾಧರಪ್ಪನವರು ಬಂದರು. ದೊಡ್ಡ ಆಳು, ಅದಕ್ಕಿಂತ ದೊಡ್ಡ ದನಿ. "ಎಲ್ಲಮ್ಮಾ ನಿನ್ನ ಇರುವೆ?" ಎಂದು ಕೂಗುತ್ತಲೇ ಬೋಗಿ ಹತ್ತಿದರು. ನೇರ ನುಗ್ಗಲು ಉಬ್ಬು ಬಿಡಲಿಲ್ಲ. ಪಕ್ಕಕ್ಕೆ ತಿರುಗಿ, ತಲೆ ತಗ್ಗಿಸಿ, ಗೋಡೆಗೆ ಹೊಟ್ಟೆ ಉಜ್ಜಿಕೊಂಡು ಒಳಗೆ ಸರಿದರು. ಆಮೇಲೆ ಸದ್ದೇ ಇಲ್ಲ. ಎರಡು ನಿಮಿಷವಾದ ಮೇಲೆ ಒಳಗಿನಿಂದ ಪಿಸುದನಿಯೊಂದು ಕೇಳಿತು: "ಏನ್ ಮಾರಾಯ್ತಿ ಇದು! ನೆಲದೊಳಗೇ ಹೋದಂಗಾಯ್ತಲ್ಲ!" ಮೆಲ್ಲಗೆ ಮಾತಾಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಹೊರಗೆ ಬಂದವರು ಅಂಗಿ ಕೊಡವಿಕೊಂಡರು. "ಈ ಉಬ್ಬು ಅವತ್ತು ನೀನು ತೋರ್ಸಿದ ಚಿತ್ರದಲ್ಲಿ ಇರ್ಲಿಲ್ಲ. ಯಾರ ಐಡಿಯಾ?"

"ಮೇಸ್ತ್ರೀದು ಸಾರ್" ಎಂದುಬಿಟ್ಟಳು ಇಂಪನಾ.

ನಾಗಯ್ಯನ ಕಿವಿ ಬಿಸಿಯಾಯಿತು. "ಐಡಿಯಾನೂ ಇಲ್ಲ, ಎಂಥದೂ ಇಲ್ಲ ಯಜಮಾನ್ರೇ. ನಾನು ಅಳತೆ ತಪ್ಪಿದೆ, ಹಲಗೆ ಉದ್ದ ಆಯ್ತು. ಬಾಗ್ಸೋಣ ಅಂದಿದ್ದು ಈ ಹುಡುಗಿ."

ಗಂಗಾಧರಪ್ಪನವರು ಶೆಡ್ಡು ನಡುಗುವಂತೆ ನಕ್ಕರು. "ಹಂಗಾದ್ರೆ ಉಳಿದ ಆರು ಬೋಗೀಲೂ ಅದೇ ತಪ್ಪು ಮಾಡ್ಬಿಡು ಮಾರಾಯ!"

ನಾಗಯ್ಯ ನಗಲಿಲ್ಲ. ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು ಇಂಪನಾಳ ಮುಂದೆ ಹಿಡಿದ.

"ತಪ್ಪು ಇವತ್ತಿಗೆ ಮುಗೀತು ಯಜಮಾನ್ರೇ. ಅರ್ಧ ಅಡಿ ಉಬ್ಬು ಅಂತ ಡ್ರಾಯಿಂಗ್‌ನಲ್ಲಿ ಬರ್ಕೊಡಮ್ಮ ನೀನು. ಕೂದಲೆಳೆಯಷ್ಟೂ ಆಚೀಚೆ ಆಗ್ದಂಗೆ ಮಾಡ್ಕೊಡ್ತೀನಿ."